ಔಷಧಿ ಅರ್ಧದಲ್ಲೇ ನಿಲ್ಲುವುದೇಕೆ?

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ನಮ್ಮ ಚರ್ಚುಗಳಲ್ಲಿ ಅಸ್ವಸ್ಥರಿಗಾಗಿ ವಿಶೇಷ ಬಲಿಪೂಜೆ ನಡೆಯುತ್ತದೆ. ಪೋಪ್ ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ಘೋಷಿಸಿ, 1993ರಿಂದ ಆಚರಣೆಗೆ ಬಂದ ವಿಶ್ವ ರೋಗಿಗಳ ದಿನ ಅದು. ನಡೆಯಲಾರದವರನ್ನು ಮಕ್ಕಳು, ಮೊಮ್ಮಕ್ಕಳು ಕೈಹಿಡಿದು ಕರೆತರುತ್ತಾರೆ. ಧರ್ಮಗುರುಗಳು ಹಣೆಗೂ ಅಂಗೈಗಳಿಗೂ ಪವಿತ್ರ ತೈಲವನ್ನು ಲೇಪಿಸಿ ಪ್ರಾರ್ಥಿಸುತ್ತಾರೆ. ಪಾರ್ಶ್ವವಾಯು ಪೀಡಿತರು, ಮಧುಮೇಹಿಗಳು, ಹೃದ್ರೋಗಿಗಳು ಎಲ್ಲರೂ ಮುಂದಿನ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಒಬ್ಬ ರೋಗಿ ಮಾತ್ರ ಅಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಅವನೇ ಕ್ಷಯರೋಗಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲೇ ಇದ್ದರೂ, ನಮ್ಮ ಧರ್ಮಕೇಂದ್ರದಲ್ಲಿ ಅಂಥವರು ಯಾರೂ ಇಲ್ಲವೆಂಬಂತೆ ನಾವು ಬದುಕುತ್ತೇವೆ.

ನಮಗೆ ಪರಿಚಯವಿರುವ ಒಂದು ಮನೆಯ ಕಥೆ ಹೀಗಿದೆ. ಮುಂಬಯಿಯ ಕ್ಯಾಂಟೀನೊಂದರಲ್ಲಿ ದುಡಿಯುತ್ತಿದ್ದ ಆ ಮನೆಯ ಮಗ ಕೆಮ್ಮು, ಸಂಜೆ ಜ್ವರಗಳಿಂದ ಸೊರಗಿ ಊರಿಗೆ ಬಂದ. ಕಫ ಪರೀಕ್ಷೆಯಲ್ಲಿ ಕ್ಷಯವೆಂದು ತಿಳಿಯಿತು. ಸರಕಾರಿ ಆಸ್ಪತ್ರೆಯಿಂದ ಮಾತ್ರೆಗಳು ಉಚಿತವಾಗಿ ದೊರೆತವು. ತಿಂಗಳೊಳಗೆ ಕೆಮ್ಮು ನಿಂತಿತು. ಎರಡು ತಿಂಗಳಲ್ಲಿ ಮೈತುಂಬಿತು. ತಂಗಿಯ ಮದುವೆಗೆ ಮಾಡಿದ ಸಾಲ ತಲೆಯ ಮೇಲಿದ್ದುದರಿಂದ ಹದಿನೈದು ದಿನಗಳ ಮಾತ್ರೆ ಕಟ್ಟಿಕೊಂಡು ಮತ್ತೆ ಮುಂಬಯಿಯ ಬಸ್ಸು ಹತ್ತಿದ. ಅಲ್ಲಿ ಒಂದೇ ಕೋಣೆಯಲ್ಲಿ ಒಂಬತ್ತು ಮಂದಿ. ಮಾತ್ರೆ ನುಂಗುವುದನ್ನು ಯಾರಾದರೂ ಕಂಡರೆ ಕೋಣೆಯೂ ಹೋದೀತು, ಕೆಲಸವೂ ಹೋದೀತು. ಕಟ್ಟಿಕೊಂಡು ಹೋದದ್ದು ಮುಗಿಯಿತು. ಹೊಸದಾಗಿ ತರಲು ಅವನು ಎಲ್ಲಿಗೂ ಹೋಗಲಿಲ್ಲ. ಐದು ತಿಂಗಳ ಬಳಿಕ ಮರಳಿ ಬಂದಾಗ ಕಫದಲ್ಲಿ ರಕ್ತ ಬೀಳುತ್ತಿತ್ತು.

"ಬಿಟ್ಟಿಯಾಗಿ ಕೊಟ್ಟ ಮಾತ್ರೆಯನ್ನು ತಿನ್ನಲಿಕ್ಕೆ ಏನು ಕಷ್ಟವಾಗಿತ್ತು?" ಎಂದು ನೆರೆಹೊರೆಯವರು ಕೇಳಿದರು. ಸತ್ಯವನ್ನೇ ಹೇಳುವುದಾದರೆ, ನಾವೂ ಹಾಗೆಯೇ ಕೇಳಿದ್ದೆವು. ಆದರೆ ಒಂದು ಮಧ್ಯಾಹ್ನ ಅವನ ತಾಯಿಯ ಬಳಿ ಕುಳಿತು ಮಾತನಾಡಿದ ಮೇಲೆ, ನಾವು ಕೇಳಿದ ಪ್ರಶ್ನೆಯೇ ತಪ್ಪೆಂದು ನಮಗೆ ಮನವರಿಕೆಯಾಯಿತು. "ಅವನು ಊರು ಬಿಡುವಾಗ, ಮುಂಬಯಿಯಲ್ಲಿಯೂ ಇದೇ ಮಾತ್ರೆ ಸಿಗುತ್ತದೆಂದು ನಮಗೆ ಯಾರೂ ಹೇಳಲಿಲ್ಲವಲ್ಲ" ಎಂದು ಆಕೆ ಹೇಳಿದ್ದರು. ಆ ಮಾತಿನಲ್ಲಿ ದೂರಿಗಿಂತ ದಣಿವೇ ಹೆಚ್ಚಾಗಿತ್ತು.

ನಾಮಾನನ ಸೇವಕರು

ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಬರುವ ಸಿರಿಯಾದ ಸೇನಾಪತಿ ನಾಮಾನನ ವೃತ್ತಾಂತ ನಮ್ಮ ಓದುಗರಿಗೆ ತಿಳಿದದ್ದೇ. ಕುಷ್ಠಪೀಡಿತನಾದ ಅವನಿಗೆ ಪ್ರವಾದಿ ಎಲೀಷನು ಹೇಳಿಕಳುಹಿಸಿದ ಚಿಕಿತ್ಸೆ ಜೋರ್ಡನ್ ನದಿಯಲ್ಲಿ ಏಳು ಬಾರಿ ಮುಳುಗಿ ಏಳುವುದು. ಇಷ್ಟು ಸಾಧಾರಣವಾದ ಉಪಾಯವೇ ಎಂದು ನಾಮಾನನು ಸಿಟ್ಟಿನಿಂದ ರಥ ತಿರುಗಿಸಿದ. ಆಗ ಅವನ ಬಳಿ ಬಂದು, ಸಮಾಧಾನದ ಮಾತು ಹೇಳಿ, ನದಿಯತ್ತ ಕರೆದೊಯ್ದವರು ಅವನ ಸೇವಕರು. ಅವರ ಹೆಸರು ಧರ್ಮಗ್ರಂಥದಲ್ಲಿಲ್ಲ. ಅವರಿಲ್ಲದಿದ್ದರೆ ನಾಮಾನನು ರೋಗಿಯಾಗಿಯೇ ಸಿರಿಯಾಕ್ಕೆ ಮರಳುತ್ತಿದ್ದ.

ಆರನೆಯ ಮುಳುಗಿಗೇ ನಾಮಾನನು ದಡ ಸೇರಿದ್ದರೆ ಏನಾಗುತ್ತಿತ್ತೆಂದು ನಾವು ಯೋಚಿಸಬೇಕಾಗಿದೆ. ಏಕೆಂದರೆ ಕ್ಷಯದ ಚಿಕಿತ್ಸೆಯಲ್ಲಿ ಪ್ರತಿದಿನವೂ ನಡೆಯುತ್ತಿರುವುದು ಅದೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು. ಅನಂತರದ ನಾಲ್ಕು ತಿಂಗಳು ಮೂರು. ಕೆಲವೇ ವಾರಗಳಲ್ಲಿ ಬಹುಪಾಲು ರೋಗಾಣುಗಳು ಸತ್ತು ಕೆಮ್ಮು, ಜ್ವರಗಳು ಇಳಿಯುತ್ತವೆ. ಆದರೆ ಕೆಲವು ರೋಗಾಣುಗಳು ನಿದ್ರಿಸಿದಂತೆ ಅಡಗಿ ಕುಳಿತಿರುತ್ತವೆ. ಅವುಗಳನ್ನು ನಿರ್ಮೂಲಗೊಳಿಸಲು ಉಳಿದ ತಿಂಗಳುಗಳು ಬೇಕೇಬೇಕು. ಮಧ್ಯದಲ್ಲಿ ಬಿಟ್ಟರೆ ರೋಗ ಮರುಕಳಿಸಬಹುದು. ಔಷಧಕ್ಕೆ ಬಗ್ಗದ ಕ್ಷಯವಾಗಿ ಮಾರ್ಪಟ್ಟು ಮನೆಮಂದಿಗೂ ಅದೇ ರೂಪದಲ್ಲಿ ಹರಡಬಹುದು. ಅಂದರೆ ರೋಗಿಗೆ ತಾನು ಗುಣಮುಖನಾದೆನೆಂದು ಅನಿಸುವ ಹೊತ್ತೇ ಅವನಿಗೆ ಅತ್ಯಂತ ಅಪಾಯದ ಹೊತ್ತು. ಆ ಹೊತ್ತಿನಲ್ಲಿ ನಾಮಾನನ ಸೇವಕರಂತೆ ಬಳಿ ನಿಂತು ಮಾತನಾಡುವವರು ಬೇಕು.

ಮದರಾಸು ಮತ್ತು ತುಮಕೂರು ಕಲಿಸಿದ ಪಾಠ

ಈ ಮಾತಿಗೆ ನಮ್ಮ ದಕ್ಷಿಣ ಭಾರತದಲ್ಲೇ ಆಧಾರವಿದೆ. ಹಿಂದೆ ಕ್ಷಯವೆಂದರೆ ಬೆಟ್ಟದ ತಂಪಿನಲ್ಲಿ, ಆರೋಗ್ಯಧಾಮದಲ್ಲಿ ವರ್ಷಗಟ್ಟಲೆ ಮಲಗಿರಬೇಕಾದ ಕಾಯಿಲೆಯಾಗಿತ್ತು. 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿನ ವೈದ್ಯರು ನಗರದ 193 ಮಂದಿ ಬಡ ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಆರೋಗ್ಯಧಾಮದ ಹಾಸಿಗೆ, ಒಳ್ಳೆಯ ಊಟ, ದಾದಿಯರ ಆರೈಕೆ. ಇನ್ನೊಂದು ಗುಂಪಿಗೆ ಇಕ್ಕಟ್ಟಾದ ತಮ್ಮ ತಮ್ಮ ಮನೆಗಳಲ್ಲೇ ಅದೇ ಔಷಧ. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಗುಣಮುಖರಾಗಿದ್ದರು. ಅವರ ಮನೆಮಂದಿಗೆ ಹೆಚ್ಚಿನ ಅಪಾಯವೂ ಕಂಡುಬರಲಿಲ್ಲ. ರೋಗಿಯನ್ನು ಮನೆಯಿಂದ ಹೊರಹಾಕಬೇಕಾಗಿಲ್ಲವೆಂದು ಅಂದೇ ಸಿದ್ಧವಾಯಿತು. ಆದರೆ ಆ ಮನೆಗಳಿಗೆ ಆರೋಗ್ಯ ಕಾರ್ಯಕರ್ತರು ಹೋಗಿಬರುತ್ತಿದ್ದರು, ಮಾತ್ರೆ ಎಣಿಸಿ ನೋಡುತ್ತಿದ್ದರು, ಕುಶಲ ವಿಚಾರಿಸುತ್ತಿದ್ದರು. ಮನೆಯೇ ಆಸ್ಪತ್ರೆಯಾಗಬೇಕಾದರೆ ಮನೆಯ ಬಾಗಿಲಿಗೆ ಬರುವವರು ಬೇಕೆಂಬುದೂ ಆ ಪ್ರಯೋಗದ ಪಾಠವೇ.

ಎರಡನೆಯ ಪಾಠ ನಮ್ಮ ರಾಜ್ಯದ್ದು. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳ ಮನೆಮನೆಗೆ ಹೋದರು. ಹಳ್ಳಿಗರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದೇ ಇಲ್ಲ ಎಂಬುದು ಆಗಿನ ಸಾಮಾನ್ಯ ನಂಬಿಕೆಯಾಗಿತ್ತು. ಆದರೆ 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯದನ್ನೇ ಹೇಳಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು, ಆತಂಕವೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಲು ಹತ್ತಿ ಬಂದಿದ್ದರು. ಅಂಥವರಿಗೆ ಅಲ್ಲಿ ದೊರಕುತ್ತಿದ್ದುದು ಕೆಮ್ಮಿನ ಔಷಧದ ಸೀಸೆ ಮಾತ್ರ. ಜನರು ಸೇವೆಯ ಬಳಿಗೆ ಹೋಗಿದ್ದರು. ಸೇವೆಯೇ ಅವರನ್ನು ಗುರುತಿಸಿರಲಿಲ್ಲ. ಕಫ ಪರೀಕ್ಷೆಯನ್ನು ಜನರ ಸಮೀಪದ ಆರೋಗ್ಯ ಕೇಂದ್ರಗಳಿಗೇ ಒಯ್ಯಬೇಕೆಂಬ ಚಿಂತನೆಗೆ ಇಂಥ ಅಧ್ಯಯನಗಳಿಂದ ಬಲ ಬಂದಿತು.

ಬಿಡುವುದಕ್ಕೆ ನೂರು ಕಾರಣ

2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲದ ಚಿಕಿತ್ಸೆಯನ್ನು ಜನರು ಏಕೆ ಅರ್ಧದಲ್ಲಿ ಬಿಡುತ್ತಾರೆಂಬುದರ ಕುರಿತು ವರದಿಯೊಂದನ್ನು ಹೊರತಂದಿತು. ಅದು ಕಾರಣಗಳನ್ನು ಐದು ವರ್ಗಗಳಾಗಿ ವಿಂಗಡಿಸಿತು: ಬಡತನ ಮತ್ತು ಸಾಮಾಜಿಕ ಸ್ಥಿತಿ, ಆರೋಗ್ಯ ಸೇವೆಯ ರೀತಿನೀತಿ, ರೋಗದ ಸ್ವರೂಪ, ಔಷಧದ ಸ್ವರೂಪ ಮತ್ತು ರೋಗಿಯ ಮನೋಭಾವ. ನಾವು ಸಾಮಾನ್ಯವಾಗಿ ದೂಷಿಸುವುದು ಐದನೆಯದನ್ನು ಮಾತ್ರ. ಉಳಿದ ನಾಲ್ಕು ರೋಗಿಯ ಕೈಯಲ್ಲಿಲ್ಲ.

ಕೂಲಿಯವನಿಗೆ ಆರೋಗ್ಯ ಕೇಂದ್ರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಸಂಬಳ ಹೋದಂತೆ. ಔಷಧಿ ಉಚಿತವಿರಬಹುದು, ಬಸ್ಸು ಉಚಿತವಲ್ಲ. ಅಷ್ಟು ದೂರ ಹೋದ ಮೇಲೆ "ಇವತ್ತು ಮಾತ್ರೆ ಬಂದಿಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳಿಬಂದರೆ ಆ ನಾಳೆ ಬಾರದೆಯೂ ಹೋಗಬಹುದು. ಹತ್ತು ಜನರ ಮುಂದೆ ಕ್ಷಯವೆಂದು ಗಟ್ಟಿಯಾಗಿ ಕೂಗಿ ಕರೆದರೆ ಮಾನಕ್ಕಂಜುವವರು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಹತ್ತಿರದ ಕೇಂದ್ರವನ್ನು ಬಿಟ್ಟು, ಗುರುತು ಸಿಗದಿರಲೆಂದು ಮೂರು ಊರಾಚೆಯ ಆಸ್ಪತ್ರೆಗೆ ಹೋಗುವ ಕುಟುಂಬಗಳನ್ನು ನಾವು ಬಲ್ಲೆವು. ಆ ದೂರವೇ ಮುಂದೆ ಮಾತ್ರೆ ತಪ್ಪಲು ಕಾರಣವಾಗುತ್ತದೆ.

ಔಷಧದ ಸ್ವಭಾವವನ್ನೂ ಮೊದಲೇ ತಿಳಿಸದಿದ್ದರೆ ಭಯವಾಗುವುದು ಸಹಜ. ರಿಫಾಂಪಿಸಿನ್ ಸೇವಿಸುವವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಹಾನಿಯಿಲ್ಲ. ಆದರೆ ತಿಳಿಯದವರು ರಕ್ತವೆಂದು ಬೆದರಿ ಮಾತ್ರೆ ಬಿಡುತ್ತಾರೆ. ಕೆಲವರಿಗೆ ಓಕರಿಕೆ, ಕೀಲುನೋವು, ಪಾದಗಳಲ್ಲಿ ಜೋಮು ಬರುವುದುಂಟು. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಕಣ್ಣು ಹಳದಿಯಾದರೆ, ದೃಷ್ಟಿ ಮಸುಕಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮದ್ಯಪಾನವಂತೂ ಈ ಔಷಧಗಳ ಜತೆಗೆ ಯಕೃತ್ತಿಗೆ ಮಾರಕ. "ಕುಡಿಯುವವನಿಗೆ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ" ಎಂದು ಅವನನ್ನು ಕೈಬಿಡುವುದು ಮಾತ್ರ ಸಲ್ಲದು. ಅವನಿಗೆ ಎರಡು ಕಾಯಿಲೆಗಳಿಗೂ ಆಸರೆ ಬೇಕು.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಮದುವೆಗೆ ಮುನ್ನ ರೋಗ ಬಂದರೆ ಸಂಬಂಧ ತಪ್ಪೀತೆಂದು ಮನೆಯವರೇ ಮುಚ್ಚಿಡುತ್ತಾರೆ. ಮದುವೆಯಾದ ಮೇಲೆ ಬಂದರೆ ತವರಿಗೆ ಕಳುಹಿಸುವವರಿದ್ದಾರೆ. ಅತ್ತೆಯ ಕಣ್ಣುತಪ್ಪಿಸಿ ಅಕ್ಕಿಡಬ್ಬದಲ್ಲಿ ಮಾತ್ರೆ ಬಚ್ಚಿಟ್ಟು ನುಂಗುವ ಸೊಸೆ ಒಂದು ದಿನ ತಪ್ಪಿಸಿದರೆ ಅದನ್ನು ನಿರ್ಲಕ್ಷ್ಯವೆನ್ನೋಣವೆ?

ವಿಶ್ವಾಸ ಮತ್ತು ಔಷಧಿ

ಕಥೋಲಿಕ ಕುಟುಂಬಗಳಾದ ನಾವು ವಿಶೇಷವಾಗಿ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಕ್ಷಯದ ಮಾತ್ರೆಗಳನ್ನು ಸಾಮಾನ್ಯವಾಗಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೇವಿಸಲು ಹೇಳುತ್ತಾರೆ. ಆದರೆ ಆದಿತ್ಯವಾರ ಪರಮಪ್ರಸಾದ ಸ್ವೀಕರಿಸುವ ಮುನ್ನ ಏನನ್ನೂ ಸೇವಿಸಬಾರದೆಂಬ ಭಾವನೆಯಿಂದ ಅಂದು ಮಾತ್ರೆ ತಪ್ಪಿಸುವ ಹಿರಿಯರಿದ್ದಾರೆ. ಇದು ಅನವಶ್ಯಕ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿಯು ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದ ನೀರು ಮತ್ತು ಔಷಧಿಯನ್ನು ಸ್ಪಷ್ಟವಾಗಿ ಹೊರತುಪಡಿಸಿದೆ. ವೃದ್ಧರಿಗೆ, ರೋಗಿಗಳಿಗೆ ಮಾತ್ರವಲ್ಲ, ಅವರ ಆರೈಕೆ ಮಾಡುವವರಿಗೂ ಆ ಒಂದು ಗಂಟೆಯ ನಿಯಮದಿಂದ ವಿನಾಯಿತಿಯಿದೆ. ಆರೈಕೆ ಮಾಡುವವರನ್ನೂ ಧರ್ಮಸಭೆ ನೆನೆದಿದೆಯೆಂಬುದು ನಮಗೆ ಹೃದಯಸ್ಪರ್ಶಿಯಾಗಿ ಕಾಣುತ್ತದೆ. ತಪಸ್ಸು ಕಾಲದ ಉಪವಾಸವೂ ರೋಗಿಗಳಿಗೆ ಕಡ್ಡಾಯವಲ್ಲ.

ಇನ್ನು ಧ್ಯಾನಕೂಟಗಳಿಗೆ ಹೋಗಿಬಂದು "ಪ್ರಾರ್ಥನೆಯಿಂದ ಗುಣವಾಯಿತು, ಇನ್ನು ಮಾತ್ರೆ ಬೇಡ" ಎನ್ನುವವರು. ಪ್ರಾರ್ಥನೆಯ ಶಕ್ತಿಯಲ್ಲಿ ನಮಗೂ ವಿಶ್ವಾಸವಿದೆ. ಆದರೆ ವೈದ್ಯನನ್ನು ಗೌರವಿಸಬೇಕೆಂದೂ, ಭೂಮಿಯಿಂದ ಮದ್ದುಗಳನ್ನು ಉಂಟುಮಾಡಿದವನು ದೇವರೇ ಎಂದೂ ಸಿರಾಖನ ಗ್ರಂಥದ 38ನೆಯ ಅಧ್ಯಾಯ ಬೋಧಿಸುತ್ತದೆ. ಸಂತ ಲೂಕರ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಪ್ರಭು ಯೇಸುವು ಹತ್ತು ಮಂದಿ ಕುಷ್ಠರೋಗಿಗಳನ್ನು ಯಾಜಕರ ಬಳಿ ಹೋಗಿ ತೋರಿಸಿಕೊಳ್ಳುವಂತೆ ಕಳುಹಿಸಿದರು. ಪ್ರಭುವಿನಿಂದಲೇ ಗುಣಹೊಂದಿದವರೂ ಪರೀಕ್ಷೆಗೆ ಹೋಗಬೇಕಾಗಿತ್ತು. ಹಾಗಾದರೆ ನಮ್ಮ ರೋಗಿಯೂ ಕಫ ಪರೀಕ್ಷೆಗೆ ಹೋಗಲಿ. ಮಾತ್ರೆ ನಿಲ್ಲಿಸುವ ಮಾತನ್ನು ವೈದ್ಯರೇ ಹೇಳಲಿ. ಕೂಟಗಳನ್ನು ನಡೆಸುವವರು ವೇದಿಕೆಯಿಂದಲೇ ಇದನ್ನು ಸ್ಪಷ್ಟಪಡಿಸಿದರೆ ಅನೇಕ ಜೀವಗಳು ಉಳಿದಾವು.

ಕ್ಷಯವನ್ನು ಶಾಪವೆಂದೂ, ದುರ್ನಡತೆಯ ಫಲವೆಂದೂ ಪಿಸುಗುಟ್ಟುವವರು ನಮ್ಮಲ್ಲಿನ್ನೂ ಇದ್ದಾರೆ. ಅವರು ಚರ್ಚಿನೊಳಗಿನ ಪ್ರತಿಮೆಗಳತ್ತ ಒಮ್ಮೆ ಕಣ್ಣೆತ್ತಲಿ. ಗುಲಾಬಿಗಳನ್ನು ಹಿಡಿದು ನಿಂತ ಲಿಸ್ಯೂದ ಸಂತ ತೆರೇಸಾ 1897ರಲ್ಲಿ, 24ರ ಹರೆಯದಲ್ಲಿ, ತೀರಿಕೊಂಡದ್ದು ಕ್ಷಯದಿಂದ. ಲೂರ್ದಿನ ಗವಿಯಲ್ಲಿ ಮಾತೆಯ ದರ್ಶನ ಪಡೆದ ಸಂತ ಬರ್ನಾದೆತ್ 1879ರಲ್ಲಿ 35ರ ಪ್ರಾಯದಲ್ಲಿ ಇದೇ ರೋಗಕ್ಕೆ ತುತ್ತಾದರು. ಆಗ ಔಷಧವಿರಲಿಲ್ಲ, ಇಂದು ಇದೆ. ಅವರ ಮುಂದೆ ಮೇಣದ ಬತ್ತಿ ಉರಿಸುವ ನಾವು ಅದೇ ರೋಗದ ನೆರೆಯವನಿಂದ ದೂರ ಸರಿಯುವುದು ಎಷ್ಟು ಉಚಿತ? ಕ್ಷಯ ಹರಡುವುದು ಗಾಳಿಯ ಮೂಲಕವೇ ಹೊರತು ತಟ್ಟೆ, ಲೋಟಗಳಿಂದಲ್ಲ. ಸಾಮಾನ್ಯ ಕ್ಷಯದಲ್ಲಿ ಸರಿಯಾದ ಚಿಕಿತ್ಸೆ ಆರಂಭಿಸಿದ ಕೆಲವೇ ವಾರಗಳಲ್ಲಿ ರೋಗಿಯಿಂದ ಸೋಂಕು ಹರಡುವ ಸಾಧ್ಯತೆಯೂ ಬಹಳ ಮಟ್ಟಿಗೆ ಇಳಿದುಹೋಗುತ್ತದೆ.

ಅನ್ನವೂ ಔಷಧವೇ

ಹೊಟ್ಟೆ ಖಾಲಿಯಿದ್ದವನಿಗೆ ಮಾತ್ರೆ ಒಗ್ಗುವುದು ಕಷ್ಟ. ಈ ಸಂಗತಿಯ ಮಹತ್ತ್ವವನ್ನು ಅಂಕಿಅಂಶಗಳೊಂದಿಗೆ ಎತ್ತಿತೋರಿಸಿದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯ ದಂಪತಿಗಳಾದ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಪ್ರಮುಖರು. ಅವರ ನೇತೃತ್ವದಲ್ಲಿ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಗಳ 10,345 ಮಂದಿಯನ್ನೂ ಒಳಗೊಂಡ ಅಧ್ಯಯನ ನಡೆದು 2023ರಲ್ಲಿ ಪ್ರಕಟವಾಯಿತು. ರೋಗಿಗಳಿಗೆ ಪ್ರತಿ ತಿಂಗಳು ಆಹಾರದ ಬುಟ್ಟಿ ನೀಡಲಾಯಿತು. ಅರ್ಧದಷ್ಟು ಕುಟುಂಬಗಳಲ್ಲಿ ಮನೆಮಂದಿಗೂ ಅಕ್ಕಿ, ಬೇಳೆ ದೊರೆತವು. ಹಾಗೆ ಪಡಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಹೆಚ್ಚಿದ ರೋಗಿಗಳಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆಯಿತ್ತು. ಅಕ್ಕಿ, ಬೇಳೆಗಳು ಯಾವ ಧರ್ಮಕೇಂದ್ರಕ್ಕೂ ನಿಲುಕದ ವಸ್ತುಗಳಲ್ಲ.

ಸರಕಾರವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ಪ್ರತಿ ರೋಗಿಯ ಬ್ಯಾಂಕ್ ಖಾತೆಗೆ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಲಾಗಿದೆ. ಖಾತೆಯಿಲ್ಲದವನಿಗೆ, ಕಾಗದಪತ್ರಗಳಲ್ಲಿ ಹೆಸರು ತಾಳೆಯಾಗದವನಿಗೆ ಇದು ಕೈಗೆ ಬರುವುದು ಕಷ್ಟ. ಅಂಥ ಕಡೆ ಓದುಬರಹ ಬಲ್ಲ ಒಬ್ಬ ಯುವಕ ಜತೆಗೆ ಬ್ಯಾಂಕಿಗೆ ಹೋಗಿಬಂದರೂ ದೊಡ್ಡ ಉಪಕಾರ. 2022ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ಯೋಜನೆಯಂತೆ ವ್ಯಕ್ತಿಗಳೂ ಸಂಘಸಂಸ್ಥೆಗಳೂ ಹೆಸರು ನೋಂದಾಯಿಸಿ, ರೋಗಿಯ ಒಪ್ಪಿಗೆಯೊಂದಿಗೆ ಅವನಿಗೆ ತಿಂಗಳ ಆಹಾರದ ಬುಟ್ಟಿ ಒದಗಿಸಬಹುದು.

ನಮ್ಮಿಂದ ಆಗಬಹುದಾದದ್ದು

ರೋಗಿಗಳ ಸೇವೆ ನಮಗೆ ಹೊಸದಲ್ಲ. ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಸಣ್ಣ ಔಷಧಾಲಯ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ಸಮಾಜ ದೂರವಿಟ್ಟಿದ್ದ ಕುಷ್ಠರೋಗಿಗಳಿಗೂ ಅವರು ಆಶ್ರಯ ಕಲ್ಪಿಸಿದ್ದರು. ಆದರೆ ಆಸ್ಪತ್ರೆಯಲ್ಲಿ ಮುಗಿಯದ ಕೆಲಸವೊಂದಿದೆ. ಅದು ರೋಗಿಯ ಅಂಗಳದಲ್ಲಿ, ಆರು ತಿಂಗಳ ಕಾಲ, ಪ್ರತಿದಿನವೂ ನಡೆಯಬೇಕಾದದ್ದು. ಅದಕ್ಕೆ ನಮ್ಮಲ್ಲಿ ಈಗಾಗಲೇ ಜನರಿದ್ದಾರೆ: ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ ಸದಸ್ಯರು, ಸ್ತ್ರೀ ಸಂಘಟನೆಯ ಸಹೋದರಿಯರು, ಯುವ ಸಂಚಲನದ ತರುಣರು, ಧರ್ಮಭಗಿನಿಯರು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಕಂಡಲ್ಲಿ ಕಫ ಪರೀಕ್ಷೆಗೆ ಪ್ರೇರೇಪಿಸೋಣ. ಒಬ್ಬಂಟಿಯಾಗಿ ಹೋಗಲು ಅಂಜುವವರ ಜತೆ ಹೋಗೋಣ. ಮನೆಯ ಇತರರ, ಅದರಲ್ಲೂ ಮಕ್ಕಳ, ತಪಾಸಣೆಯನ್ನು ನೆನಪಿಸೋಣ. ಮುಂಬಯಿಗೋ ಬೆಂಗಳೂರಿಗೋ ಹೊರಟ ರೋಗಿಗೆ, ಅಲ್ಲಿನ ಸರಕಾರಿ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಬಹುದೆಂದು ಮೊದಲೇ ತಿಳಿಸೋಣ. ಆಶಾ ಕಾರ್ಯಕರ್ತೆಯನ್ನು ಅಂಗಳದಿಂದಲೇ ಸಾಗಹಾಕದೆ ಒಳಗೆ ಕರೆದು ಕೂರಿಸೋಣ. ಪೂಜೆಯ ಪ್ರಾರ್ಥನೆಗಳಲ್ಲಿ ರೋಗಿಯ ಹೆಸರಿನ ಜತೆ ರೋಗದ ಹೆಸರನ್ನು ಓದದಿರೋಣ. ಗುಟ್ಟು ಕಾಯುವುದೂ ಪ್ರೀತಿಯ ಕಾರ್ಯವೇ. ಮಾತ್ರೆ ತಪ್ಪಿದವನನ್ನು ಗದರಿಸದೆ, ಏನು ಅಡ್ಡಿಯಾಯಿತೆಂದು ಕೇಳೋಣ.

ನಾವು ಆರಂಭದಲ್ಲಿ ಹೇಳಿದ ಆ ಯುವಕ ಎರಡನೆಯ ಬಾರಿ ಚಿಕಿತ್ಸೆ ಪೂರ್ತಿಗೊಳಿಸಿದ. ಈ ಸಲ ಅವನಲ್ಲಿ ವಿಶೇಷವಾದ ಮನೋದಾರ್ಢ್ಯವೇನೂ ಹುಟ್ಟಿಕೊಂಡಿರಲಿಲ್ಲ. ನೆರೆಮನೆಯ ನಿವೃತ್ತ ಶಿಕ್ಷಕಿಯೊಬ್ಬರು ದಿನವೂ ಬೆಳಗಿನ ಪೂಜೆಗೆ ಹೋಗುವ ಮುನ್ನ ಅವರ ಗೇಟಿನ ಬಳಿ ನಿಂತು "ಮಾತ್ರೆ ಆಯಿತಾ ಮಗಾ?" ಎಂದು ಕೇಳುತ್ತಿದ್ದರು. ವಾಳೆಯವರು ಸದ್ದಿಲ್ಲದೆ ತಿಂಗಳ ಅಕ್ಕಿ ಮತ್ತು ಸಾಲದ ಒಂದು ಕಂತನ್ನು ನೋಡಿಕೊಂಡರು. ಅಷ್ಟೇ ನಡೆದದ್ದು. ಮೊದಲ ಬಾರಿಯೇ ಅಷ್ಟು ನಡೆದಿದ್ದರೆ ಆ ಮನೆಯವರು ರಕ್ತ ಕಾಣಬೇಕಾಗಿರಲಿಲ್ಲ.

ಬರುವ ಫೆಬ್ರವರಿ 11ರಂದು ಮುಂದಿನ ಬೆಂಚಿನಲ್ಲಿ ಅಂಥವನೊಬ್ಬ ಅಂಜದೆ ಬಂದು ಕುಳಿತುಕೊಳ್ಳುವಂತಾಗಲಿ. ಅವನ ಪಕ್ಕದಲ್ಲಿ ನಮ್ಮಲ್ಲೊಬ್ಬರು ಕುಳಿತಿರಲಿ.